ಮಾಲಕರ ದೊಡ್ಡ ಮುಖ

ಗದಗಿನಲ್ಲಿ ದ್ಯಾಮವ್ವ ಎಂಬ ಹೆಣ್ಣುಮಗಳು ಮರದ ಅಚ್ಚು ಕೊರೆದು ನಾಟಕದ ಪೋಸ್ಟರ್ ಒತ್ತಿಕೊಡುತ್ತಿದ್ದಳು. ಒಮ್ಮೆ ನಾಯಕಿ ಚಂಪಾಬಾಯಿಯ ಮುಖವನ್ನು ಬಹಳ ಅಕ್ಕರೆಯಿಂದ ಕೊರೆದು ಮುಗಿಸಿದ್ದಳು. ಅಷ್ಟರಲ್ಲಿ ನಾಟಕ ಕಂಪನಿಯ ಮಾಲಕ ಸಂಗನಬಸಪ್ಪ ಬಂದ.

"ಕಂಪನಿ ನಂದು. ಪೋಸ್ಟರಿನ ತುಂಬ ನನ್ನ ಮುಖಾನ ಇರಬೇಕು. ಆ ಅಚ್ಚು ಒಲಿಗೆ ಹಾಕು," ಅಂದ.

ದ್ಯಾಮವ್ವ ಅಚ್ಚನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟಳು. "ಆಗಲಿರಿ ಮಾಲಕರ. ಮೊದಲ ನಿಮ್ಮದು ಒಂದು ಒತ್ತಿ ತೋರಸ್ತೀನಿ. ಅಲ್ಲೀತನಕ ಇದು ಇರಲಿ," ಎಂದಳು.

ಹೇಳಿದಂತೆ ಮಾಲಕನ ಮುಖವನ್ನು ಹಾಳೆ ತುಂಬುವಷ್ಟು ದೊಡ್ಡದಾಗಿ ಕೊರೆದಳು. ನಾಟಕದ ಹೆಸರಿಗೆ ಜಾಗವೇ ಉಳಿಯಲಿಲ್ಲ. ಕಪ್ಪು ಮಸಿ ಹಚ್ಚಿ ಒತ್ತಿದಳು, ಸುತ್ತ ಕಪ್ಪು ಅಂಚನ್ನೂ ಎಳೆದಳು. ಆಮೇಲೆ ಒಣಗಲೆಂದು ಅಂಗಡಿಯ ಬಾಗಿಲಿಗೆ ತೂಗುಹಾಕಿದಳು.

ಸಂಜೆ ಮಾಲಕ ನೋಡಲು ಬಂದಾಗ ಬಾಗಿಲ ಮುಂದೆ ಜನ ನೆರೆದಿದ್ದರು. ಮುದುಕನೊಬ್ಬ ಕೈಮುಗಿದು ನಿಂತಿದ್ದ. ಹೂವಿನವಳು ಹಾಳೆಗೆ ಒಂದು ಮೊಳ ಮಲ್ಲಿಗೆ ಸಿಕ್ಕಿಸಿ, "ಮೊನ್ನೆ ಚಲೋ ಇದ್ರಲ್ಲ, ಪಾಪ. ಏನಾಗಿತ್ತವ್ವ?" ಎಂದು ದ್ಯಾಮವ್ವನನ್ನು ಕೇಳುತ್ತಿದ್ದಳು.

"ಏನೂ ಆಗಿಲ್ಲ," ಎಂದ ಮಾಲಕ ಹಿಂದಿನಿಂದ.

ಹೂವಿನವಳು ತಿರುಗಿ ನೋಡಿದವಳೇ ಬುಟ್ಟಿ ಬಿಟ್ಟು ಓಡಿದಳು.

ಮಾಲಕ ಹಾಳೆಯ ಮೇಲಿನ ತನ್ನ ಮುಖವನ್ನೂ ಅದರ ಸುತ್ತಲಿನ ಕಪ್ಪು ಅಂಚನ್ನೂ ನೋಡಿ ಬೆವರು ಒರೆಸಿಕೊಂಡ.

"ದ್ಯಾಮವ್ವ, ಇದನ್ನ ಇಳಿಸು. ಆ ಚಂಪಾಬಾಯೀದ ಒತ್ತು."

ದ್ಯಾಮವ್ವನಿಗೆ ಹೋದ ಜೀವ ಬಂದಂತಾಯಿತು. "ಮತ್ತ ನಿಮ್ಮ ಮುಖರೀ?" ಎಂದು ಮೆಲ್ಲಗೆ ಕೇಳಿದಳು.

"ಮೂಲ್ಯಾಗ ಸಣ್ಣದೊಂದು, ನಗಾಕತ್ತಿದ್ದು ಹಾಕು. ಕೆಳಗ, ಟಿಕೀಟು ಕೊಡಾಕ ನಾನ ಕುಂತಿರ್ತೀನಿ ಅಂತ ಬರಿ."