ಗುಡ್ಡದ ನೆತ್ತಿಯ ಕೂಗು

ಸ್ಕಾಟ್ಲೆಂಡಿನಲ್ಲಿ ಪ್ರಯಾಣಿಕರ ರೈಲೆಳೆಯುತ್ತಿದ್ದ ಉಗಿ ಎಂಜಿನ್ ಐಲ್ಸಾಗೆ ತನ್ನ ಹೆಸರಿನ ಮೇಲೆ ಎಲ್ಲಿಲ್ಲದ ಜಂಬ. ಅದನ್ನು ಅವಳ ಪಕ್ಕೆಯ ಮೇಲೆ ಹೊಂಬಣ್ಣದಲ್ಲಿ ಬರೆದಿದ್ದರು. ಒಂದು ಬೆಳಿಗ್ಗೆ ಮದುವೆಯ ದಿಬ್ಬಣವನ್ನು ಎಳೆದುಕೊಂಡು ಅವಳು ಗುಡ್ಡದ ಬುಡಕ್ಕೆ ಬಂದಳು. ಅಲ್ಲಿ ಎರಡು ಸಲ ಕೂಗಿದರೆ ಹಿಂದಿನಿಂದ ತಳ್ಳಲು ಇನ್ನೊಂದು ಹಳೆಯ ಎಂಜಿನ್ ಬರುವುದು ವಾಡಿಕೆ.

"ಕೂಗು ತಾಯಿ," ಎಂದ ಡ್ರೈವರ್ ಮರ್ಡೊ.

"ಆ ಮಸಿ ಮೆತ್ತಿದ ಮುದುಕಿಯ ಹಂಗು ನನಗೇಕೆ?" ಎಂದು ಐಲ್ಸಾ ಏರಿಯೇಬಿಟ್ಟಳು. ಅರ್ಧ ದಾರಿಯಲ್ಲಿ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗತೊಡಗಿದವು.

ಮದುಮಗಳು ಕಿಟಕಿಯಿಂದ ತಲೆ ಹೊರಹಾಕಿ, "ಅಯ್ಯೋ, ಅಲ್ಲಿ ಪಾದ್ರಿಗಳು ಕಾಯ್ತಿದ್ದಾರೆ!" ಎಂದಳು. ಐಲ್ಸಾ ಸಣ್ಣ ದನಿಯಲ್ಲಿ ಎರಡು ಸಲ ಕೂಗಿದಳು.

ಮುದುಕಿ ಬಂದು ಹೆಗಲು ಕೊಟ್ಟಳು. ಇಬ್ಬರ ಉಸಿರಿಗೂ ಒಂದೇ ತಾಳ.

"ನನ್ನ ಉಸಿರು ನಿನಗೆಲ್ಲಿಂದ ಬಂತು?" ಎಂದಳು ಐಲ್ಸಾ.

"ಅದು ನನ್ನದೇ, ತಂಗಿ. ನಮ್ಮ ಮಾದರಿಯಲ್ಲಿ ಮೊದಲು ಕಟ್ಟಿದ್ದು ನನ್ನನ್ನು. ನನ್ನಲ್ಲಿ ಕಂಡ ಕೊರತೆಗಳನ್ನು ತಿದ್ದಿ ನಿನ್ನನ್ನು ಕಟ್ಟಿದರು."

"ನಿನ್ನ ಹೆಸರು?"

"ಇದೆ, ಮಸಿಯ ಕೆಳಗೆ."

ನೆತ್ತಿ ತಲುಪಿದೊಡನೆ ಮುದುಕಿ ಸದ್ದಿಲ್ಲದೆ ಹಿಂದುಳಿದಳು. ದಿಬ್ಬಣದವರು ಐಲ್ಸಾಗೆ ಚಪ್ಪಾಳೆ ತಟ್ಟಿದರು. ಆಗ ಅವಳು ಯಾವ ನಿಯಮದಲ್ಲೂ ಇಲ್ಲದ ಮೂರನೆಯ ಕೂಗನ್ನು ಗುಡ್ಡವೆಲ್ಲ ಮೊಳಗುವಂತೆ ಕೂಗಿದಳು: "ಅಕ್ಕಾ!"

ಅಂದಿನಿಂದ ನೆತ್ತಿಯಲ್ಲಿ ದಿನವೂ ಅದೇ ಕೂಗು. ಸೀಟಿ ಕೆಟ್ಟಿದೆಯೆಂದು ಮರ್ಡೊ ಎಷ್ಟು ಬಿಚ್ಚಿ ನೋಡಿದರೂ ದೋಷ ಸಿಗಲಿಲ್ಲ. ಅಷ್ಟರಲ್ಲಿ ಗುಡ್ಡದ ಬುಡದಲ್ಲಿ ಮುದುಕಿಯ ಸೀಟಿಗೂ ಅದೇ ರೋಗ ಅಂಟಿತ್ತು.