ಎಲೆತಾತನವರು ಕಾದಿಟ್ಟ ಮಾತು

ಕರಡಿಕೊಳ್ಳ ಜಂಕ್ಷನ್ನಿನ ಎದುರಿಗೆ ಒಂದು ಹಳೆಯ ಧರ್ಮಛತ್ರವಿದೆ. ಅದರ ಜಗಲಿಯ ಮೂಲೆಯಲ್ಲಿ, ಗೋಣಿತಟ್ಟಿನ ಮೇಲೆ, ಪೂಜ್ಯ ಎಲೆತಾತನವರು ಇಪ್ಪತ್ತೆರಡು ವರ್ಷ ವಾಸವಾಗಿದ್ದರು. ಛತ್ರದ ಊಟಕ್ಕೆ ಮುತ್ತುಗದೆಲೆಗಳನ್ನು ಕಡ್ಡಿ ಚುಚ್ಚಿ ಹಚ್ಚುವುದೇ ಅವರ ಕಾಯಕ. ರೈಲಿಳಿದು ಬರುವ ಪ್ರತಿಯೊಬ್ಬರೂ ಅವರ ಮುಂದೆಯೇ ಹಾದು ಹೋಗಬೇಕು. ಮಾತು ಬಹಳ ಕಡಿಮೆ. ಆದರೆ ಕೆಲವು ವರ್ಷಗಳಿಂದ ಬೆಳಗಿನ ಗಾಡಿಗೊಮ್ಮೆ, ಸಂಜೆಯ ಗಾಡಿಗೊಮ್ಮೆ, ಕೈಯಲ್ಲಿ ಎಲೆ ಹಿಡಿದಿದ್ದಂತೆಯೇ ಗಟ್ಟಿಯಾಗಿ ಏನನ್ನೋ ಹೇಳುತ್ತಿದ್ದರು. ಅದು ಕನ್ನಡವಲ್ಲ, ಸಂಸ್ಕೃತವಲ್ಲ, ಯಾರಿಗೂ ತಿಳಿದ ನುಡಿಯಲ್ಲ.

ಭಕ್ತರು ಅದನ್ನು ಮಂತ್ರವೆಂದರು. ನಮ್ಮ ಅತ್ತೆಯವರಂತೂ, "ಅದು ಕಿವಿಗೆ ಬಿದ್ದ ದಿನ ಮೊಣಕಾಲು ನೋವು ಇಳೀತೈತಿ" ಎಂದು ದಿನವೂ ಹೋಗಿ ಕೂರುತ್ತಿದ್ದರು.

ನಮ್ಮ ಯಜಮಾನರು, ವಕೀಲ ಪಂಪಾಪತಿಯವರು, ಇದನ್ನು ಸಹಿಸಲಿಲ್ಲ. "ಅರ್ಥ ಇಲ್ಲದ್ದಕ್ಕೆ ಮಂತ್ರ ಅಂತಾರೆ, ಅರ್ಥ ಕೇಳಿದವನಿಗೆ ನಾಸ್ತಿಕ ಅಂತಾರೆ. ಚಲೋ ಐತಿ ವ್ಯವಹಾರ!" ಎನ್ನುತ್ತಿದ್ದರು. ಒಂದು ದಿನ ಅತ್ತೆಯವರ ಹಿಂದೆಯೇ ಹೋಗಿ ತಾತನವರನ್ನು ನೇರವಾಗಿ ಕೇಳಿದರು.

"ಯಾವ ಭಾಷೆರೀ ಇದು?"

"ಗೊತ್ತಿಲ್ಲಪ್ಪ."

"ಗೊತ್ತಿಲ್ಲದ್ದನ್ನ ಯಾಕೆ ಹೇಳ್ತೀರಿ?"

"ನಂದಲ್ಲ. ಒಬ್ಬರದು ನನ್ನ ಹತ್ರ ಐತಿ."

ಭಕ್ತರು ಆಹಾ, ಎಂಥ ವೇದಾಂತ ಎಂದು ಕೈಮುಗಿದರು. ಯಜಮಾನರ ಅನುಮಾನ ಇಮ್ಮಡಿಯಾಯಿತು.

ಬಾಯಿಗೆ ಬಂದದ್ದನ್ನು ಒದರುವವನಾದರೆ ದಿನಕ್ಕೊಂದು ಥರ ಬರಬೇಕು ಎಂಬುದು ಅವರ ಲೆಕ್ಕ. ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬಿ.ಎ. ಓದಿದವಳು, ಮದುವೆಯಾದ ದಿನದಿಂದ ಮನೆಯ ದಿನಚರಿಯನ್ನು ಒಂದು ದಿನವೂ ತಪ್ಪಿಸದೆ ಬರೆದವಳು. ೧೯೮೧ನೇ ಇಸವಿ ಫೆಬ್ರುವರಿ ಮೂರರಿಂದ ಹದಿಮೂರರವರೆಗೆ ಜಗಲಿಯ ಕಂಬಕ್ಕೊರಗಿ ಕುಳಿತು, ಮೊದಲ ದಿನ ಬರೆದ ಪುಟಕ್ಕೆ ಪ್ರತಿದಿನವೂ ತಾಳೆ ನೋಡಿದೆ. ಹನ್ನೊಂದು ದಿನದಲ್ಲಿ ಒಂದಕ್ಷರವೂ ಹೆಚ್ಚುಕಡಿಮೆಯಾಗಲಿಲ್ಲ.

ಇದರಿಂದ ಅನುಮಾನ ಅಳಿಯಲಿಲ್ಲ, ದಿಕ್ಕು ಬದಲಿಸಿತು. "ಹಂಗಾದ್ರೆ ಕಲಿತದ್ದೇ. ಈತ ಎಲ್ಲಿಂದಲೋ ಏನೋ ಮಾಡಿ ಓಡಿಬಂದವನು. ಹೆಸರು ಮುಚ್ಚಿದಾನೆ, ಭಾಷೆ ಮುಚ್ಚಲಿಕ್ಕೆ ಆಗಿಲ್ಲ" ಎಂದರು. ನಮ್ಮದು ಅದಿರು ತುಂಬುವ ಊರು. ಎಲ್ಲ ಸೀಮೆಯವರೂ ಸಿಗುತ್ತಾರೆ. ನನ್ನ ದಿನಚರಿಯ ಆ ಪುಟವನ್ನು ತೆರೆದು ತೆಲುಗರು, ತಮಿಳರು, ಮರಾಠಿಗರು, ಲಂಬಾಣಿ ತಾಂಡಾದವರು, ಒಡಿಯಾ ಕೂಲಿಗಳು, ಎಲ್ಲರಿಗೂ ಓದಿ ತೋರಿಸಿದರು. ನಮ್ಮದಲ್ಲ, ನಮ್ಮದಲ್ಲ ಎಂದೇ ಎಲ್ಲರೂ ಹೇಳಿದರು. ತಾತನವರನ್ನು ಛತ್ರದಿಂದ ಎಬ್ಬಿಸಬೇಕೆಂದು ಧರ್ಮದರ್ಶಿಗಳಿಗೆ ಅರ್ಜಿ ಸಿದ್ಧವಾಯಿತು. ನಲವತ್ತೊಂದು ಜನ ಸಹಿ ಹಾಕಿದರು. ಅದರಲ್ಲಿ ನನ್ನದೂ ಒಂದು ಎಂಬುದನ್ನು ಮರೆಮಾಚುವುದಿಲ್ಲ.

ಮಾರ್ಚ್ ಒಂದರ ಬೆಳಗ್ಗೆ ಜಗಲಿಯಲ್ಲೇ ಸಭೆ ಸೇರಿತು. ತಾತನವರು ಎಲೆ ಹಚ್ಚುತ್ತಲೇ ಇದ್ದರು. ಯಜಮಾನರು ನನ್ನ ದಿನಚರಿ ಪುಸ್ತಕವನ್ನು ಎತ್ತಿ ಹಿಡಿದು, "ಕೇಳ್ರಿ ಮಹನೀಯರೇ ಮಂತ್ರಾನ!" ಎಂದು ಕೋರ್ಟಿನ ದನಿಯಲ್ಲಿ, ಅಣಕಿಸುತ್ತ, ಓದತೊಡಗಿದರು. ಜನ ನಗುತ್ತಿದ್ದರು.

ಮೆಟ್ಟಿಲ ಬಳಿ ಊರಿಗೆ ಹೊರಟು ಗಂಟುಮೂಟೆಯೊಡನೆ ಗಾಡಿ ಕಾಯುತ್ತಿದ್ದ ಒಬ್ಬ ಕೂಲಿ ಹೆಂಗಸು ದಿಗ್ಗನೆ ಎದ್ದಳು. ಜನರನ್ನು ಸರಿಸಿಕೊಂಡು ಬಂದು ಯಜಮಾನರ ಎದುರಿಗೇ ನಿಂತಳು. ಅವರು ಓದಿ ಮುಗಿಸುವ ಹೊತ್ತಿಗೆ ಆಕೆಯ ಕಣ್ಣಲ್ಲಿ ನೀರಿತ್ತು. ಹರಕು ಹಿಂದಿಯಲ್ಲಿ ಕೇಳಿದಳು. ಸ್ಟೇಷನ್ನಿನ ಟಿ.ಸಿ. ಖಾಜಾಸಾಹೇಬರು ಕನ್ನಡಕ್ಕೆ ತಿರುಗಿಸಿದರು: "ವಕೀಲ್ ಸಾಬ್ರೆ, ಡೋಬ್ರೋ ನಿಮಗೆ ಎಲ್ಲಿ ಸಿಕ್ಕಿದ್ದ ಅಂತ ಕೇಳ್ತಾಳೆ."

ಆಕೆಯ ಹೆಸರು ಜಾನೋ. ಬಿಹಾರದ ಸಿಂಗಭೂಮಿಯ ಕಡೆಯವಳು, ಡೋಬ್ರೋನ ಊರಿನವಳೇ; ಲಾರಿಯಲ್ಲಿ ಗಣಿಗೆ ಬಂದವಳು ಛತ್ರದ ಬಳಿ ಬಂದದ್ದು ಆ ದಿನವೇ ಮೊದಲು. ಭಾಷೆಯ ಹೆಸರು ಹೋ. ನಮ್ಮ ದೇಶದಲ್ಲಿ ಅಂಥದೊಂದು ಭಾಷೆ ಇದೆಯೆಂದು, ಅಷ್ಟು ಓದಿದ ನನಗೆ ಆ ದಿನದವರೆಗೂ ಗೊತ್ತಿರಲಿಲ್ಲ. ಆಕೆ ಒಂದೊಂದೇ ಮಾತಿನ ಅರ್ಥ ಹೇಳಿದಳು:

"ನಾನು ಡೋಬ್ರೋ. ಹೊಳೆಯಾಚೆ, ಜೋಡಿ ಹುಣಸೆ ಮರದ ಊರು. ಸುಮಿಗೆ ಹೇಳಿ, ನಾನು ಬಿಟ್ಟು ಓಡಿಹೋದವನಲ್ಲ. ಬಾಗಿಲು ನೋಡುತ್ತ ಕೂರಬೇಡ. ಮಗಳನ್ನು ಗಣಿಗೆ ಕಳಿಸಬೇಡ."

ಸುಮಿ ಇನ್ನೂ ಇದ್ದಾಳೆ, ಗಂಡ ಬೇರೊಬ್ಬಳ ಜೊತೆ ಹೋದನೆಂದು ಊರವರಿಂದ ಮಾತು ಕೇಳುತ್ತ ಬದುಕಿದ್ದಾಳೆ ಎಂದೂ ಜಾನೋ ಹೇಳಿದಳು.

ಆಗ ತಾತನವರು ಎಲೆ ಕೆಳಗಿಟ್ಟರು. "ಏಳು ವರ್ಷದ ಹಿಂದೆ ಜ್ವರ ಬಂದವನು ಅಂತ ಅವನನ್ನ ಗಾಡಿಯಿಂದ ಇಳಿಸಿದ್ರು. ಮೂರು ದಿನ ನನ್ನ ಕೈ ಹಿಡಕೊಂಡು ಇದನ್ನೇ ಹೇಳಿದ. ನಾಲ್ಕನೇ ದಿನ ತೀರಿಕೊಂಡ. ಯಾರಾದ್ರೂ ಕೇಳಿಸ್ಕೊಳ್ಳಲಿ ಅಂತ ನಾನೂ ಹೇಳ್ತಾ ಬಂದೆ" ಎಂದರು. ಅವರು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಯಜಮಾನರು ಅರ್ಜಿಯನ್ನು ಮಡಿಚಿ ಜೇಬಿಗಿಟ್ಟರು. "ಕಾಗದ ಬರೆದು ಹಾಕ್ತೀನಿ ತಾತಾ" ಎಂದು ತೊದಲಿದರು.

"ಬಾಯಿಂದ ಬಂದದ್ದು ಬಾಯಿಂದಾನೇ ಹೋಗಲಿ. ನಗುವಾಗ ನೀವೇ ಓದಿದ್ರಿ. ಈಗ ನೀವೇ ಮುಟ್ಟಿಸಿ ಬರ್ರಿ."

ಅದೇ ದಿನದ ಗಾಡಿಗೆ ಯಜಮಾನರು ಜಾನೋಳೊಡನೆ ಹೊರಟರು. ಬಾಯಿಪಾಠಕ್ಕೆಂದು ನನ್ನ ಪುಸ್ತಕದ ಆ ಪುಟವನ್ನು ಹರಿದುಕೊಂಡು ಹೋದರು.

ಒಂಬತ್ತನೆಯ ದಿನ ಮರಳಿ, ಮನೆಗೆ ಬಾರದೆ ನೇರ ಜಗಲಿಗೆ ಹೋದರು. ನಾನೂ ಅತ್ತೆಯವರೂ ಅಲ್ಲೇ ಇದ್ದೆವು.

"ಪೂರಾ ಹೇಳಿದ್ರೇನು?" ಎಂದು ತಾತನವರು ಕೇಳಿದರು.

"ಪೂರಾ, ತಾತಾ. ಅಂಗಳದಾಗ ನಿಂತು ಹೇಳಿದೆ. ಊರೆಲ್ಲ ಸೇರಿತ್ತು. 'ಇನ್ನೊಮ್ಮೆ ಹೇಳು' ಅಂದ್ಲು ಸುಮಿ. ಹೇಳಿದೆ. ಆಮೇಲೆ ನನ್ನ ಕಾಲಿಗೆ ನೀರು ಹಾಕಿದ್ಲು." ನ್ಯಾಯಾಧೀಶರ ಮುಂದೆ ಎಂದೂ ತಲೆ ತಗ್ಗಿಸದ ಮನುಷ್ಯ, ಗೋಣಿತಟ್ಟಿನ ಅಂಚಿನಲ್ಲಿ ಕುಳಿತು ಒಂದು ಎಲೆಯನ್ನೂ ಕಡ್ಡಿಯನ್ನೂ ಕೈಗೆ ತೆಗೆದುಕೊಂಡರು. ಅಂದಿನಿಂದ ತಮ್ಮ ಕೊನೆಯವರೆಗೂ ಯಾವ ಭಾನುವಾರವೂ ಆ ಜಾಗ ಬಿಡಲಿಲ್ಲ.

ಸಂಜೆಯ ಗಾಡಿ ಬಂತು. ತಾತನವರು ಏನನ್ನೂ ಹೇಳಲಿಲ್ಲ. ಅತ್ತೆಯವರು ಕಳವಳಗೊಂಡು, "ಮಂತ್ರ ಯಾಕೆ ನಿಂತು ತಾತಾ?" ಎಂದರು.

"ಅದು ಮನೆ ಸೇರಿತವ್ವಾ."

ನಾನು ಬರೆದ ಕನ್ನಡದ ಅಕ್ಷರಗಳನ್ನು ಸುಮಿ ಓದಲಾರಳು. ಆದರೂ ಆ ಕಾಗದವನ್ನು ಇಸಿದುಕೊಂಡು ಒಳಕೋಣೆಯ ಅಕ್ಕಿಮಡಕೆಯಲ್ಲಿ ಇಟ್ಟಳಂತೆ. ನನ್ನ ಮೂವತ್ತೆಂಟು ವರ್ಷದ ದಿನಚರಿಯಲ್ಲಿ ಇಲ್ಲದಿರುವುದು ಅದೊಂದೇ ಪುಟ. ಅದರ ಹರಿದ ಅಂಚನ್ನು ದಿನವೂ ದೀಪ ಹಚ್ಚಿದ ಮೇಲೆ ಕಣ್ಣಿಗೊತ್ತಿಕೊಳ್ಳುತ್ತೇನೆ.