ಇನ್ನೂ ಬಾರದ ನೀರಿನ ಅಳತೆ

"ಕೇಳಿರಪ್ಪಾ ಕೇಳಿ! ಹಾಲಗೆರೆ ಸೀಮೆಯ ರಾಣಿ ಚಂದ್ರಾಜಮ್ಮಣ್ಣಿಯವರ ಅಪ್ಪಣೆ! ಅರಮನೆಯಲ್ಲಿ ಮೂರು ಒಗಟು ಇಟ್ಟಿದ್ದಾರೆ. ಬಿಡಿಸಿದವರಿಗೆ ಅಣೆಕಟ್ಟೆಯ ಅಧಿಕಾರ, ತಪ್ಪಿದವರಿಗೆ ತಲೆದಂಡ!"

ಡಂಗುರದ ಸದ್ದು ಕಾಲುವೆಯ ಕೊನೆಯ ಊರಾದ ಕಡೆಹಳ್ಳಿ ಮುಟ್ಟಿದಾಗ ನೀರುಗಂಟಿ ಮಂಚಯ್ಯ ತೂಬಿನ ಬಾಯಿಯ ಜೊಂಡು ಕೀಳುತ್ತಿದ್ದ. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕಸುಬು; ಅಪ್ಪ, ತಾತ ಮಾಡಿದ್ದೂ ಅದನ್ನೇ.

ಒಗಟಿನ ಹಿಂದೆ ಒಂದು ನೋವಿತ್ತು. ರಾಣಿಯ ತಂದೆ ಭತ್ತಕ್ಕಾಗಿ ಕಟ್ಟಿಸಿದ್ದ ಅಣೆಕಟ್ಟೆಯ ಬುಡದಲ್ಲಿ ಮೂರು ಯಂತ್ರಗಳಿದ್ದವು. ಗದ್ದೆಗೆ ಹೊರಟ ನೀರು ದಾರಿಯಲ್ಲಿ ಅವನ್ನು ತಿರುಗಿಸಿ ವಿದ್ಯುತ್ತು ಕೊಟ್ಟು ಮುಂದೆ ಹೋಗುತ್ತಿತ್ತು. ಆ ವಿದ್ಯುತ್ತನ್ನು ನೆರೆಯ ಕಬ್ಬಿಣಗಿರಿಯ ರಾಜ ತನ್ನ ಕುಲುಮೆಗಳಿಗಾಗಿ ಕರಾರು ಬರೆಸಿಕೊಂಡು ಕೊಳ್ಳುತ್ತಿದ್ದ. ಹೋದ ವರ್ಷ ಮಂತ್ರಿಯೊಬ್ಬ, ವರ್ಷವಿಡೀ ಮೂರೂ ಯಂತ್ರ ಓಡುತ್ತವೆಂದು ಬರೆದುಕೊಟ್ಟ. ಮಾತು ಉಳಿಸಿಕೊಳ್ಳಲು ಕುಯ್ಲಿನ ಕಾಲದಲ್ಲೂ ನೀರು ಬಿಟ್ಟರು. ಕಡೆಹಳ್ಳಿಯ ಮಾಗಿದ ಭತ್ತ ನೀರಲ್ಲಿ ಮಲಗಿ, ತೆನೆಯಲ್ಲೇ ಮೊಳಕೆಯೊಡೆಯಿತು. ಬೇಸಗೆಗೆ ಕಟ್ಟೆಯೂ ಬರಿದಾಯಿತು, ಕರಾರು ಮುರಿದದ್ದಕ್ಕೆ ಗಡಿಯ ಎರಡು ಹಳ್ಳಿಗಳೂ ಆ ರಾಜನ ಪಾಲಾದವು. ಹೊಸ ಕರಾರಿನ ದಿನ ಹತ್ತಿರವಾಗಿತ್ತು. ಬಾಯಿಬಡುಕರಿಂದ ಬೇಸತ್ತ ರಾಣಿ ಒಗಟು ಒಡ್ಡಿದ್ದಳು.

"ಒಗಟಿಗೆ ತಲೆ ಕೊಡೋಕೆ ಹೋಯ್ತೀಯಾ?" ಎಂದು ಹೆಂಡತಿ ಸಾಕವ್ವ ಅಡ್ಡ ನಿಂತಳು.

"ನಾ ಹೋಗದಿದ್ರೆ ಇನ್ಯಾವನೋ ಬಾಯಿಗೆ ಬಂದದ್ದು ಹೇಳ್ತಾನೆ. ಈ ಸಲಾನೂ ಕುಯ್ಲಿಗೆ ನೀರು ನುಗ್ತದೆ," ಎಂದ ಮಂಚಯ್ಯ.

ಆಸ್ಥಾನದಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು: ಮೀಸೆಯ ದಳವಾಯಿ ಮತ್ತು ಪಂಚಾಂಗ ಹಿಡಿದ ನರಹರಿ ಜೋಯಿಸರು.

ರಾಣಿ ಮೊದಲ ಒಗಟು ಹೇಳಿದಳು. "ಅವನಿಗೆ ಬಾಯಾರಿದರೆ ನನ್ನ ಯಂತ್ರ ತಿರುಗುತ್ತದೆ. ಅವನಿಗೆ ಸಾಕೆನಿಸಿದರೆ ಕಟ್ಟೆ ತುಂಬಿದ್ದರೂ ಯಂತ್ರ ನಿಲ್ಲಬೇಕು. ಯಾರವನು?"

"ಮೋಡ!" ಎಂದ ದಳವಾಯಿ, ಯೋಚಿಸದೆ. ಕಾವಲುಗಾರರು ಅವನನ್ನು ಪಕ್ಕಕ್ಕೆ ಎಳೆದರು.

ಮಂಚಯ್ಯ ಮುಂದೆ ಬಂದ. ಕೈಮುಗಿದು ಹೇಳಿದ, "ಭತ್ತದ ಪೈರು, ತಾಯಿ. ನಾಟಿಯಲ್ಲಿ ನೀರು ಕೇಳ್ತದೆ, ಹೊಡೆ ಬಿಚ್ಚಿ ತೆನೆ ಹೊರಡುವಾಗ ಕೇಳ್ತದೆ. ಮಾಗಿದ ಮೇಲೆ ಬೇಡ ಅಂತದೆ. ಗದ್ದೆ ಮೇಲೆ ಮಳೆ ಬಿದ್ದ ದಿನವೂ ಬೇಡ."

ರಾಣಿ ತಲೆಯಾಡಿಸಿದಳು. "ಎರಡನೆಯದು. ಒಂದೇ ಕೊಡ ನೀರು. ಶ್ರಾವಣದ ಕೊನೆಗೆ ಎರಡಾಳಿನ ಕೆಲಸ ಮಾಡುತ್ತದೆ, ಬೇಸಗೆಯಲ್ಲಿ ಒಂದಾಳಿನ ಕೆಲಸಕ್ಕೂ ಏದುಸಿರು ಬಿಡುತ್ತದೆ. ಕೊಡ ಸೋರಿಲ್ಲ, ನೀರು ಕಡಿಮೆಯಾಗಿಲ್ಲ. ಹೋದದ್ದೇನು?"

ಜೋಯಿಸರು ಬೆರಳೆಣಿಸಿದರು. "ಸೂರ್ಯನ ತಾಪಕ್ಕೆ ಆರಿದ ನೀರು, ಮಹಾರಾಣಿ."

"ನೀರು ಕಡಿಮೆಯಾಗಿಲ್ಲವೆಂದೆನಲ್ಲ, ಜೋಯಿಸರೆ?"

ಜೋಯಿಸರ ಕೈಯಿಂದ ಪಂಚಾಂಗ ಜಾರಿತು. ಅವರನ್ನೂ ದಳವಾಯಿಯ ಪಕ್ಕ ನಿಲ್ಲಿಸಿದರು.

"ಹೋದದ್ದು ಎತ್ತರ, ತಾಯಿ," ಎಂದ ಮಂಚಯ್ಯ. "ಅಟ್ಟದಿಂದ ಬಿದ್ದ ತೆಂಗಿನಕಾಯಿ ಒಡೀತದೆ, ಮಣೆಯಿಂದ ಬಿದ್ದದ್ದು ಉರುಳ್ತದೆ. ಕಟ್ಟೆ ತುಂಬಿದಾಗ ನೀರು ಮೇಲಿಂದ ಒತ್ತುತದೆ. ತಗ್ಗಿದಾಗ ಅಷ್ಟೇ ನೀರಿಗೆ ಆ ಬಲ ಇರಲ್ಲ."

ಸಭೆಯಲ್ಲಿ ಪಿಸುಮಾತೆದ್ದಿತು. ರಾಣಿ ಮುಂದಕ್ಕೆ ಬಾಗಿದಳು.

"ಮೂರನೆಯದು. ಮುಂದಿನ ವರ್ಷ ಬರಬೇಕಾದ ನೀರನ್ನು ಇವತ್ತೇ ಅಳೆಯುವ ಕೊಳಗ ಯಾವುದು?"

ತಿಳಿದವನಂತೆ ಏನಾದರೊಂದು ಹೇಳಿದರೆ ತಲೆ ಉಳಿದೀತೇನೋ ಎಂದುಕೊಂಡ ಮಂಚಯ್ಯ. ಆದರೆ ಹಾಗೆ ಹೇಳಿದವರಿಂದಲೇ ಅಲ್ಲವೆ ಊರಿನ ಭತ್ತ ಕೊಳೆತದ್ದು?

"ಅಂಥ ಕೊಳಗ ಇಲ್ಲ, ತಾಯಿ," ಎಂದ.

ಕಾವಲುಗಾರ ಒಂದು ಹೆಜ್ಜೆ ಮುಂದಿಟ್ಟ. ರಾಣಿ ಕೈಯೆತ್ತಿ ತಡೆದಳು. "ಹಾಗಾದರೆ ನೆರೆರಾಜನಿಗೆ ನಾನು ಏನೆಂದು ಮಾತು ಕೊಡಲಿ?"

"ನೀರು ಅಳೆಯೋಕಾಗಲ್ಲ, ಮಾತು ಅಳೆಯಬಹುದು. ನಮ್ಮ ತೂಬಿನ ಕಲ್ಲಲ್ಲಿ ತಾತನ ಕಾಲದಿಂದ ವರ್ಷವರ್ಷದ ನೀರಿನ ಗೀಟು ಇದೆ, ನಲವತ್ತು ವರ್ಷದ್ದು. ಅದರಲ್ಲಿ ಮೂವತ್ತಾರು ವರ್ಷ, ಶ್ರಾವಣದಿಂದ ಕಾರ್ತೀಕದವರೆಗೆ ಎರಡು ಯಂತ್ರಕ್ಕೆ ಸಾಲೋ ನೀರು ಹರಿದದೆ. ಅಷ್ಟಕ್ಕೆ ಮಾತು ಕೊಡಿ. ಮೂರನೇದು ಬಂದರೆ ಕೊಡ್ತೀವಿ ಅನ್ನಿ. ಕುಯ್ಲಿಗೆ, ಗದ್ದೆ ಮೇಲೆ ಮಳೆ ಬಿದ್ದ ದಿನಕ್ಕೆ ಒಂದೂ ಇಲ್ಲ ಅನ್ನಿ. ಬೇಸಗೆ ಬೆಳೆಗೆ ಒಂದೇ, ಅದೂ ಸಂಕ್ರಾಂತಿಗೆ ಕಟ್ಟೆ ನೋಡಿ ಹೇಳ್ತೀವಿ ಅನ್ನಿ. ಉಳಿದ ನಾಲ್ಕು ವರ್ಷದಂಥದ್ದು ಬಂದರೆ ಏನು ಮಾಡೋದು ಅನ್ನೋದನ್ನೂ ಮೊದಲೇ ಬರೀರಿ."

ರಾಣಿ ಸಿಂಹಾಸನದಿಂದಿಳಿದು ಬಂದಳು. "ಇಲ್ಲವೆನ್ನುವ ಧೈರ್ಯ ಇರುವವನನ್ನೇ ಹುಡುಕುತ್ತಿದ್ದೆ. ಅಣೆಕಟ್ಟೆ ಇನ್ನು ನಿನ್ನ ಕೈಲಿ. ಇನ್ನೇನು ಬೇಕು, ಕೇಳಪ್ಪ."

ಮಂಚಯ್ಯ ಪಕ್ಕಕ್ಕೆ ನೋಡಿದ. "ಅವರಿಬ್ಬರ ತಲೆ ಕೊಡಿ, ತಾಯಿ. ಹೆಗಲ ಮೇಲೆ ಇದ್ದ ಹಾಗೇ."

ರಾಣಿ ನಕ್ಕಳು, ಆಸ್ಥಾನಕ್ಕೆ ಉಸಿರು ಬಂತು.

ಕಬ್ಬಿಣಗಿರಿಯ ರಾಜ ಮೊದಲು ಮೂಗು ಮುರಿದ, "ಇಷ್ಟೇನಾ?" ಎಂದ. ಆದರೆ ಆ ವರ್ಷ ಮಳೆ ಸಾಧಾರಣವಾಗಿದ್ದರೂ ಬರೆದುಕೊಟ್ಟ ದಿನಗಳಲ್ಲಿ ಒಂದು ದಿನವೂ ಅವನ ಕುಲುಮೆಗಳು ಆರಲಿಲ್ಲ. ಮರುವರ್ಷ ಅವನ ರಾಯಭಾರಿ ತಾನಾಗಿಯೇ ಅಣೆಕಟ್ಟೆಗೆ ಬಂದ. ಮಂಚಯ್ಯ ಮೆಟ್ಟಿಲ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದ.

"ನಮ್ಮ ದೊರೆಗಳು ಇನ್ನಷ್ಟು ಕೇಳ್ತಿದ್ದಾರೆ. ಮಳೆ ಚೆನ್ನಾಗಿ ಬರೋ ಸೂಚನೆ ಇದೆಯಂತೆ. ಎಷ್ಟು ಬರೆಯಲಿ?"

"ಎರಡು ಯಂತ್ರ, ಬುದ್ಧಿ," ಎಂದ ಮಂಚಯ್ಯ. "ಊಟ ಆಯ್ತಾ? ಬನ್ನಿ, ಕುಂತ್ಕಳಿ."